ಸಂಖ್ಯಾಶಾಸ್ತ್ರದ ಮೊದಲ ಪಾಠಗಳು ದಿನನಿತ್ಯ ಎಲ್ಲಿ ಉಪಯೋಗಕ್ಕೆ ಬರುತ್ತವೆ?

ಸರಾಸರಿ, ಮಾನಕ ವಿಚಲನೆ, ಗಂಟೆಯಾಕಾರದ ವಕ್ರರೇಖೆ, ಊಹೆಯ ಪರೀಕ್ಷೆ ಎಲ್ಲವನ್ನೂ ಓದಿ ಪಾಸಾಗಿದ್ದೇನೆ, ಆದರೆ ಬದುಕಿನಲ್ಲಿ ಒಂದನ್ನೂ ಬಳಸಿದ ನೆನಪಿಲ್ಲ, ಬೇರೆಯವರು ಬಳಸುತ್ತಾರೆಯೇ ಎಂದು ಕೇಳಿದ್ದೀರಿ. ನಾನು ಬಳಸುತ್ತೇನೆ. ಹೆಚ್ಚು ಕೆಲಸಕ್ಕೆ ಬಂದಿರುವುದು ಸರಾಸರಿಗಿಂತ ಅದರ ಸುತ್ತಲಿನ ಏರಿಳಿತ; ಮಾನಕ ವಿಚಲನೆ ಅಳೆಯುವುದು ಅದನ್ನೇ. ಎಲ್ಲರೂ ಸರಾಸರಿಯನ್ನು ಕೇಳುತ್ತಾರೆ, ಏರಿಳಿತವನ್ನು ಕೇಳುವವರು ಕಡಿಮೆ.

ಕಚೇರಿ ತಲುಪಲು ಸರಾಸರಿ 40 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಸರಿಯಾಗಿ 40 ನಿಮಿಷ ಮೊದಲು ಹೊರಡುವವರು ಹೆಚ್ಚುಕಡಿಮೆ ಅರ್ಧದಷ್ಟು ದಿನ ತಡವಾಗಿಯೇ ತಲುಪುತ್ತಾರೆ. ನಿಮಗೆ ಬೇಕಾದ ಉತ್ತರ ಬೇರೆ: ಇಪ್ಪತ್ತು ದಿನಗಳಲ್ಲಿ ಒಂದು ದಿನ ತಡವಾದರೆ ಪರವಾಗಿಲ್ಲ ಎಂದಾದರೆ ಎಷ್ಟು ಮೊದಲು ಹೊರಡಬೇಕು? ಇದಕ್ಕೆ ಸೂತ್ರವೇ ಬೇಡ. ಇಪ್ಪತ್ತು ದಿನಗಳ ಪ್ರಯಾಣದ ಸಮಯವನ್ನು ಬರೆದಿಡಿ, ಏರಿಕೆಯ ಕ್ರಮದಲ್ಲಿ ಜೋಡಿಸಿ, ಹತ್ತೊಂಬತ್ತನೆಯದನ್ನು ನೋಡಿ. ಒರಟು ಅಂದಾಜೇ, ಆದರೆ ಸರಾಸರಿಗಿಂತ ಎಷ್ಟೋ ಮೇಲು. ಸರಾಸರಿಗೆ ಮಾನಕ ವಿಚಲನೆಯ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಸೇರಿಸಿದರೆ ಸಾಲದೇ ಎಂದು ನೀವು ಕೇಳಬಹುದು. ನಡುವೆ ಎತ್ತರವಾಗಿದ್ದು ಎರಡೂ ಬದಿಗೆ ಸಮನಾಗಿ ಇಳಿಯುವ ಗಂಟೆಯಾಕಾರದ ವಕ್ರರೇಖೆಗೆ ಆ ಲೆಕ್ಕ ಸರಿ. ಪ್ರಯಾಣದ ಸಮಯ ಆ ಆಕಾರದಲ್ಲಿ ಇರುವುದು ಅಪರೂಪ. ರಸ್ತೆ ಎಷ್ಟೇ ಖಾಲಿಯಿದ್ದರೂ 30 ನಿಮಿಷಕ್ಕಿಂತ ಬೇಗ ತಲುಪಲಾಗದು, ದಟ್ಟಣೆಯಲ್ಲಿ ಸಿಕ್ಕಿಕೊಂಡರೆ 90 ನಿಮಿಷವೂ ಆಗಬಹುದು. ಬಾಲ ಒಂದೇ ಕಡೆಗೆ ಚಾಚಿಕೊಂಡಿರುತ್ತದೆ.

ಇದೇ ಪ್ರಯಾಣದಲ್ಲಿ ಬಸ್ಸಿನಿಂದ ಇಳಿದು ರೈಲು ಹಿಡಿಯಬೇಕೆನ್ನಿ. ಬಸ್ಸಿನ ಸಮಯದ ಮಾನಕ ವಿಚಲನೆ 6 ನಿಮಿಷ, ರೈಲಿನದು 8 ನಿಮಿಷ. ಒಟ್ಟು 14 ಎಂದು ಕೂಡಿಸಲು ಕೈ ತುಡಿಯುತ್ತದೆ. ಆದರೆ ಕೂಡಬೇಕಾದದ್ದು ವರ್ಗಗಳನ್ನು: 36 ಮತ್ತು 64 ಸೇರಿ 100, ಅದರ ವರ್ಗಮೂಲ 10. ಒಂದು ತಡವಾದ ದಿನವೇ ಇನ್ನೊಂದೂ ತಡವಾಗಬೇಕೆಂದಿಲ್ಲವಾದ್ದರಿಂದ ಏರಿಳಿತಗಳು ಒಂದಿಷ್ಟು ಪರಸ್ಪರ ವಜಾ ಆಗುತ್ತವೆ. ಷರತ್ತು ಒಂದೇ, ಎರಡಕ್ಕೂ ಸಂಬಂಧ ಇರಬಾರದು. ಜೋರು ಮಳೆ ಬಂದು ಬಸ್ಸು, ರೈಲು ಎರಡನ್ನೂ ಕಟ್ಟಿಹಾಕುವ ಕಾಲದಲ್ಲಿ ಆ 10 ಎಂಬುದು 14ರ ಕಡೆಗೆ ಸರಿಯುತ್ತದೆ. ಅನೇಕ ಹಂತಗಳ ಕೆಲಸ ಯಾವಾಗ ಮುಗಿಯುತ್ತದೆ ಎಂದು ಹೇಳಬೇಕಾದಾಗಲೆಲ್ಲ ನಾನು ಮಾಡುವುದು ಇದೇ ಲೆಕ್ಕ, ಕೇಳಿಕೊಳ್ಳುವುದೂ ಇದನ್ನೇ: ಎಲ್ಲ ಹಂತಗಳನ್ನೂ ಒಟ್ಟಿಗೆ ಕೆಡಿಸುವ ಕಾರಣ ಏನಾದರೂ ಇದೆಯೇ?

ಹತ್ತು ನಿಮಿಷಕ್ಕೊಂದು ಬಸ್ಸು ಎಂದಿದ್ದರೂ ಐದು ನಿಮಿಷಕ್ಕಿಂತ ಹೆಚ್ಚು ಕಾಯುತ್ತೇವೆ ಎಂಬ ದೂರು ಕೂಡ ಏರಿಳಿತದ್ದೇ. ಬಸ್ಸುಗಳು 5 ನಿಮಿಷ, 15 ನಿಮಿಷ ಎಂದು ಒಂದಾದ ಮೇಲೊಂದು ಅಂತರದಲ್ಲಿ ಬರುತ್ತಿದ್ದರೆ ಸರಾಸರಿ ಅಂತರವೇನೋ 10. ಆದರೆ ನೀವು ನಿಲ್ದಾಣಕ್ಕೆ ಯಾವುದೋ ಕ್ಷಣದಲ್ಲಿ ಹೋದರೆ ಉದ್ದನೆಯ ಅಂತರದೊಳಗೇ ಬೀಳುವ ಸಾಧ್ಯತೆ ಮುಕ್ಕಾಲು ಪಾಲು. ಲೆಕ್ಕ ಹಾಕಿದರೆ ಸರಾಸರಿ ಕಾಯುವಿಕೆ 6.25 ನಿಮಿಷ ಬರುತ್ತದೆ. ನಿಮ್ಮ ಹಣೆಬರಹವನ್ನು ಹಳಿಯುವ ಅಗತ್ಯವಿಲ್ಲ.

ಆನ್‌ಲೈನ್ ವಿಮರ್ಶೆಗಳನ್ನು ಓದುವಾಗ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ಹೇಳಿಕೊಟ್ಟ ಒಂದು ಉಪಾಯ ಬಳಸುತ್ತೇನೆ: ಮೆಚ್ಚಿದವರ ಸಂಖ್ಯೆಗೆ 1, ಒಟ್ಟು ಸಂಖ್ಯೆಗೆ 2 ಸೇರಿಸಿ ಭಾಗಿಸುವುದು. ಐವರಲ್ಲಿ ಐವರೂ ಮೆಚ್ಚಿದ ವಸ್ತುವಿಗೆ 6/7, ಅಂದರೆ ಸುಮಾರು 86%. ಇನ್ನೂರರಲ್ಲಿ 180 ಜನ ಮೆಚ್ಚಿದ್ದಕ್ಕೆ 181/202, ಸುಮಾರು 90%. ನೂರಕ್ಕೆ ನೂರು ಅಂಕ ಪಡೆದದ್ದೇ ಹಿಂದೆ ಬೀಳುತ್ತದೆ. ಇದರ ಜೊತೆಗೆ ಯಾರು ಬರೆದಿದ್ದಾರೆ ಎಂಬುದನ್ನೂ ಯೋಚಿಸಬೇಕು. ತೀರಾ ಸಂತೋಷಪಟ್ಟವರೂ ತೀರಾ ಸಿಟ್ಟಾದವರೂ ಬರೆಯುತ್ತಾರೆ, ನಡುವಿನವರು ಸುಮ್ಮನಿರುತ್ತಾರೆ. ಸಂಖ್ಯೆ ದೊಡ್ಡದಾದ ಮಾತ್ರಕ್ಕೆ ಈ ದೋಷ ಹೋಗುವುದಿಲ್ಲ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಒಂದು ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಜನರ ಉತ್ತರ ಸಂಗ್ರಹಿಸಿ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. 48 ರಾಜ್ಯಗಳಲ್ಲಿ 46 ಅವರ ಎದುರಾಳಿ ರೂಸ್‌ವೆಲ್ಟ್ ಪಾಲಾದವು.

ಇನ್ನೊಂದನ್ನು ಶಿಕ್ಷಕರೂ ಮೇಲಧಿಕಾರಿಗಳೂ ತಪ್ಪದೆ ತಿಳಿದಿರಬೇಕು ಎಂಬುದು ನನ್ನ ಹಟ. ತೀರಾ ಕೆಟ್ಟ ಫಲಿತಾಂಶದ ನಂತರ ಬರುವುದು ಸಾಮಾನ್ಯವಾಗಿ ಅದಕ್ಕಿಂತ ಉತ್ತಮವಾಗಿಯೇ ಇರುತ್ತದೆ, ಯಾರೂ ಏನೂ ಮಾಡದಿದ್ದರೂ. 1886ರಲ್ಲಿ ಇಂಗ್ಲಿಷ್ ವಿಜ್ಞಾನಿ ಗಾಲ್ಟನ್ ಎತ್ತರದ ತಂದೆತಾಯಿಯರ ಮಕ್ಕಳಲ್ಲಿ ಕಂಡದ್ದು ಇದೇ ಪ್ರವೃತ್ತಿ: ಮಕ್ಕಳೂ ಎತ್ತರವೇ, ಆದರೆ ಸರಾಸರಿಗೆ ಇನ್ನಷ್ಟು ಹತ್ತಿರ. ಹಾಗಾಗಿ ಬೈದ ಮೇಲೆ ಸುಧಾರಿಸಿತು, ಹೊಗಳಿದ ಮೇಲೆ ಕೆಟ್ಟಿತು ಎಂದು ಕಂಡರೆ ಬೈಗುಳಕ್ಕೆ ಕೀರ್ತಿ ಕೊಡುವ ಮುನ್ನ ತಡೆಯಿರಿ. ನೋವು ತಾಳಲಾರದಷ್ಟಾದ ದಿನ ಮದ್ದು ತೆಗೆದುಕೊಂಡು ಮರುದಿನ ಗುಣವಾಯಿತು ಎನ್ನುವಲ್ಲಿಯೂ ಇದೇ ಅನುಮಾನ ಇರಲಿ.

ಊಹೆಯ ಪರೀಕ್ಷೆಯನ್ನು, ಅಂದರೆ ಕಂಡ ಫಲಿತಾಂಶ ಬರೀ ಆಕಸ್ಮಿಕವೇ ಎಂದು ನೋಡುವ ವಿಧಾನವನ್ನು, ಮನೆಯಲ್ಲಿ ನಾನು ಬಳಸುವುದು ಕಡಿಮೆ. ಆಕಸ್ಮಿಕವಾಗಿ ಹಾಗಾಗುವ ಸಾಧ್ಯತೆ ಇದಕ್ಕಿಂತ ಕಡಿಮೆಯಿದ್ದರೆ ಮಾತ್ರ ಒಪ್ಪುವುದು ಎಂದು ಅಲ್ಲಿ ರೂಢಿಯಲ್ಲಿ ಎಳೆಯುವ 5% ಎಂಬ ಗೆರೆಗೆ ನಿಮ್ಮ ಲಾಭನಷ್ಟದ ಅರಿವಿಲ್ಲ. ಮಳೆಯ ಸಾಧ್ಯತೆ 20% ಎಂದಾಗ ಕೊಡೆ ಬೇಕೇ ಬೇಡವೇ ಎಂಬುದು ಆ ಸಂಖ್ಯೆಯೊಂದರಿಂದ ತೀರ್ಮಾನವಾಗದು. ಕೈಯಲ್ಲಿ ಮುಖ್ಯವಾದ ಕಾಗದಪತ್ರಗಳಿದ್ದರೆ 20% ಸಾಕು, ಕೊಡೆ ಹಿಡಿಯುತ್ತೇನೆ. ಸುಮ್ಮನೆ ನಡೆದಾಡಲು ಹೊರಟಿದ್ದರೆ 50% ಎಂದರೂ ಬರಿಗೈಯಲ್ಲೇ ಹೋಗುತ್ತೇನೆ.