ಆಫೀಸಿಗೂ ಸೈಕಲ್, ಬ್ರೆವೆಗೂ ಸೈಕಲ್

ಪ್ರಶ್ನೆ: ಬನಶಂಕರಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ವಾರಕ್ಕೆ ಐದು ದಿನ ಸೈಕಲ್‌ನಲ್ಲೇ ಹೋಗಿಬರುತ್ತೇನೆ, ಒಂದು ಕಡೆಗೆ 18 ಕಿ.ಮೀ. ಮೂರು ತಿಂಗಳಲ್ಲಿ 200 ಕಿ.ಮೀ. ಬಿಆರ್‌ಎಂ (ಗಡುವಿನೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಬ್ರೆವೆ ಅಂತಲೂ ಕರೆಯುತ್ತಾರೆ) ಇದೆ. ವಾರಕ್ಕೆ 180 ಕಿ.ಮೀ. ತುಳಿದರೂ ಭಾನುವಾರ 70 ದಾಟುವಷ್ಟರಲ್ಲಿ ಕಾಲು ಸೋತುಹೋಗುತ್ತದೆ. ಯಾಕೆ?
– ಓದುಗರು, ಬನಶಂಕರಿ

ಉತ್ತರ: ನೀವು ದಿನಕ್ಕೆರಡು ಸಲ ರೇಸ್ ಮಾಡುತ್ತಿರಬೇಕು. ಸಿಗ್ನಲ್ ಬಿಟ್ಟ ಕೂಡಲೇ ಎದ್ದು ತುಳಿಯುವುದು, ಬಿಎಂಟಿಸಿ ಬಸ್ಸನ್ನು ಹಿಂದೆ ಹಾಕುವುದು, ಹೊತ್ತಾಯಿತೆಂದು ಕೊನೆಯ ಐದು ಕಿ.ಮೀ. ಏದುಸಿರು ಬಿಡುತ್ತಾ ಹೋಗುವುದು. ಹೀಗೆ ತುಳಿದರೆ ದಣಿವು ಮಾತ್ರ ಉಳಿಯುತ್ತದೆ. ಭಾನುವಾರಕ್ಕೆ ಕಾಲಿನಲ್ಲಿ ಏನೂ ಇರುವುದಿಲ್ಲ.

ಮೊದಲು ಲೆಕ್ಕ ನೋಡಿ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ನಿಂತ ಹೊತ್ತೂ ಸೇರಿ ಗಂಟೆಗೆ 15 ಕಿ.ಮೀ. ಸರಾಸರಿ ಸಾಕು. ರಸ್ತೆಯಲ್ಲಿ 20ರ ವೇಗ ಹಿಡಿದರೆ ಹತ್ತು ಗಂಟೆಯ ಕೆಲಸ, ತಿಂಡಿಗೆ, ಪಂಕ್ಚರ್‌ಗೆ ಮೂರೂವರೆ ಗಂಟೆ ಕೈಯಲ್ಲಿರುತ್ತದೆ. ಬ್ರೆವೆಯಲ್ಲಿ ಮೊದಲು ಬಂದವರಿಗೆ ಬಹುಮಾನವೂ ಇಲ್ಲ. ನಿಮಗೆ ಬೇಕಾಗಿರುವುದು ವೇಗವಲ್ಲ, ಎಂಟನೇ ಗಂಟೆಯಲ್ಲೂ ಸೀಟಿನ ಮೇಲೆ ನೆಮ್ಮದಿಯಾಗಿ ಕೂರುವ ತಾಕತ್ತು.

ಹಾಗಾಗಿ ಆಫೀಸಿನ ಓಡಾಟದಲ್ಲಿ ಹೆಚ್ಚಿನದನ್ನು ಬೇಕೆಂದೇ ನಿಧಾನ ಮಾಡಿ. ಪಕ್ಕದಲ್ಲಿ ಯಾರೋ ಇದ್ದಾರೆ ಅಂದುಕೊಳ್ಳಿ, ಪೂರ್ತಿ ವಾಕ್ಯದಲ್ಲಿ ಅವರ ಜೊತೆ ಹರಟಲು ಆಗಬೇಕು. ದಾರಿಗೆ ಹತ್ತು ನಿಮಿಷ ಹೆಚ್ಚು ಹಿಡಿದೀತು, ಅಷ್ಟು ಬೇಗ ಹೊರಡಿ. ಜೋರಿನ ಕೆಲಸ ಮಂಗಳವಾರ ಒಂದೇ ಬೆಳಿಗ್ಗೆ ಇರಲಿ. ಟ್ರಾಫಿಕ್ ಏಳುವ ಮೊದಲು ಐದೂವರೆಗೆ ಹೊರಟು, ಸಿಗ್ನಲ್ ಇಲ್ಲದ ರಸ್ತೆ ಹುಡುಕಿ, 8 ನಿಮಿಷ ಜೋರು, 4 ನಿಮಿಷ ಹಗುರ, ಹೀಗೆ ನಾಲ್ಕು ಸಲ. ಜೋರು ಅಂದರೆ ಎರಡು ಮೂರು ಪದಕ್ಕಿಂತ ಹೆಚ್ಚು ಮಾತು ಹೊರಡಬಾರದು. ಗುರುವಾರ ಸಂಜೆ ಮನೆಗೆ ಸುತ್ತು ದಾರಿ ಹಿಡಿದು 30 ಕಿ.ಮೀ. ಮಾಡಿ, ಆದರೆ ಹಗುರವಾಗಿ. ಶುಕ್ರವಾರ ಬಸ್ಸು. ಇದನ್ನು ಕೇಳಿದರೆ ಸೈಕಲ್ ಪ್ರೇಮಿಗಳಿಗೆ ಸಿಟ್ಟು ಬರುತ್ತದೆ, ಇರಲಿ. ಭಾನುವಾರದ ಸವಾರಿಗೆ ಆ ವಿಶ್ರಾಂತಿ ಬೇಕೇ ಬೇಕು.

ಭಾನುವಾರ 70ರಿಂದ ಶುರುಮಾಡಿ ವಾರಕ್ಕೆ 10–15 ಕಿ.ಮೀ. ಏರಿಸಿ, ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ. ನಿಮ್ಮ ಮನೆಯಿಂದ ಕನಕಪುರಕ್ಕೆ ಹೋಗಿಬಂದರೆ ಹೆಚ್ಚುಕಡಿಮೆ 100, ಸಾತನೂರು ಮುಟ್ಟಿದರೆ 130ರ ಹತ್ತಿರ. 140 ಮಾಡಿದವರಿಗೆ 200 ಆಗುತ್ತದೆ. ಅದಕ್ಕಿಂತ ಮುಂದೆ ಅಭ್ಯಾಸದಲ್ಲೇ ಹೋಗಬೇಕಿಲ್ಲ.

ಇನ್ನೊಂದು ಮಾತು, ಗೇರ್. ದೊಡ್ಡ ಗೇರಿನಲ್ಲೇ ಬಂದು ಸಿಗ್ನಲ್‌ನಲ್ಲಿ ನಿಂತು, ಹಸಿರು ಬಂದಾಗ ಅದೇ ಗೇರಿನಲ್ಲಿ ಒತ್ತುವುದು ಮಂಡಿಗೆ ಶತ್ರು. ನಿಲ್ಲುವ ಮೊದಲೇ, ಚಕ್ರ ಇನ್ನೂ ಉರುಳುತ್ತಿರುವಾಗ, ಎರಡು ಮೂರು ಗೇರ್ ಇಳಿಸಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಕಾರಣ ಹೆಚ್ಚಾಗಿ ಇದು, ಇಲ್ಲವೇ ತಗ್ಗಿನಲ್ಲಿರುವ ಸೀಟು. ಹಿಂಭಾಗ ನೋಯುತ್ತಿದ್ದರೆ ಸೀಟು ಎತ್ತರವಾಗಿದೆಯೇ ನೋಡಿ.

ಪ್ರಶ್ನೆ: ಆಫೀಸಿಗೂ ಬ್ರೆವೆಗೂ ಒಂದೇ ಸೈಕಲ್ ಸಾಕೇ? ಏನೇನು ಬದಲಿಸಬೇಕು?
– ಓದುಗರು, ಮೈಸೂರು

ಉತ್ತರ: ಸಾಕು. ಬೆನ್ನಿನ ಬ್ಯಾಗು ಬಿಟ್ಟು ಹಿಂದೆ ಕ್ಯಾರಿಯರ್ ಹಾಕಿಸಿ. ಎರಡು ಕೆಜಿ ಲ್ಯಾಪ್‌ಟಾಪ್ ಭುಜದಿಂದ ಇಳಿದರೆ ಕುತ್ತಿಗೆ ನೋವು ಅರ್ಧ ಕಡಿಮೆ. 28 ಎಂಎಂ ಟೈರ್ ಇರಲಿ, 70 ಕೆಜಿ ತೂಕದವರು 70–80 ಪಿಎಸ್‌ಐ ಗಾಳಿ ಹಾಕಿದರೆ ಸರಿ. ಆಫೀಸಿಗೆ ಮಾಮೂಲಿ ಶೂ, ಭಾನುವಾರ ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟ್ ಶೂ ಹಾಕುವವರು ಒಂದು ವಿಷಯ ಮರೆಯುತ್ತಾರೆ: ಅಟ್ಟೆಯ ದಪ್ಪ ಬದಲಾದರೆ ಸೀಟಿನ ಎತ್ತರವೂ ಬದಲಾದಂತೆಯೇ. ಸೀಟ್‌ಪೋಸ್ಟ್ (ಸೀಟಿನ ಕೆಳಗಿನ ಕೊಳವೆ) ಮೇಲೆ ಶೂಗೊಂದರಂತೆ ಎರಡು ಕಡೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ.

ದಿನವೂ ಓಡುವ ಸೈಕಲ್ಲಿನಲ್ಲಿ ಮೊದಲು ಸವೆಯುವುದು ಚೈನು. ಸ್ಕೇಲ್ ಹಿಡಿದು ಒಂದು ಪಿನ್ನಿನ ನಡುವಿನಿಂದ 24 ಕೊಂಡಿ ಅಳೆಯಿರಿ. ಹೊಸದರಲ್ಲಿ ಸರಿಯಾಗಿ 12 ಇಂಚು. ಹದಿನಾರನೇ ಒಂದಂಶ ಇಂಚು ಹೆಚ್ಚಿದ್ದರೆ ಚೈನ್ ಬದಲಿಸಿ. ಎಂಟನೇ ಒಂದಂಶ ಆಗುವವರೆಗೆ ಬಿಟ್ಟರೆ ಹಿಂದಿನ ಕ್ಯಾಸೆಟ್ಟನ್ನೂ (ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲು) ತಿಂದುಹಾಕಿರುತ್ತದೆ, ಆಗ ಹೊಸ ಚೈನ್ ಹಾಕಿದರೂ ಹಲ್ಲಿನ ಮೇಲೆ ಹಾರುತ್ತದೆ. 150–200 ಕಿ.ಮೀ.ಗೊಮ್ಮೆ, ಮಳೆಯಲ್ಲಿ ನೆನೆದರೆ ಅದೇ ದಿನ, ಒರೆಸಿ ಎಣ್ಣೆ ಬಿಡಿ. ಕೊಂಡಿಗೊಂದು ಹನಿ, ಐದು ನಿಮಿಷ ಬಿಟ್ಟು ಹೊರಗಿನ ಎಣ್ಣೆಯೆಲ್ಲ ಒರೆಸಿಬಿಡಿ. ಹೊರಗುಳಿದದ್ದು ಧೂಳು ಹಿಡಿದು ಅರದಂತೆ ಕೆಲಸ ಮಾಡುತ್ತದೆ.

ಪ್ರಶ್ನೆ: ಎರಡು ಬಾಟಲಿ ಓಆರ್‌ಎಸ್ ಕುಡಿದರೂ ಸವಾರಿಯ ನಾಲ್ಕನೇ ಗಂಟೆಗೆ ಕಣ್ಣು ಕತ್ತಲೆ ಬರುತ್ತದೆ.
– ಓದುಗರು, ತುಮಕೂರು

ಉತ್ತರ: ಓಆರ್‌ಎಸ್ ಉಪ್ಪು–ನೀರಿಗೆ, ಹೊಟ್ಟೆಗಲ್ಲ. ಒಂದು ಲೀಟರಿನ ಪೊಟ್ಟಣದಲ್ಲಿ ಗ್ಲೂಕೋಸ್ ಇರುವುದು 13.5 ಗ್ರಾಂ, ಅಂದರೆ ಅರ್ಧ ಬಾಳೆಹಣ್ಣಿನಷ್ಟು. ನಿಮಗೆ ಗಂಟೆಗೆ 40–60 ಗ್ರಾಂ ಪಿಷ್ಟ–ಸಕ್ಕರೆ ಬೇಕು. ಎರಡು ಪಚ್ಚಬಾಳೆ, ಇಲ್ಲವೇ ಒಂದು ಹಣ್ಣಿನ ಜೊತೆ ಎರಡು ಇಡ್ಲಿ. ಕಡಲೆಕಾಯಿ ಚಿಕ್ಕಿಯೂ ಆದೀತು. ಹಸಿವಾದ ಮೇಲೆ ತಿನ್ನೋಣ ಅಂತ ಕಾಯಬೇಡಿ, ಮೊದಲ ಮುಕ್ಕಾಲು ಗಂಟೆಯಿಂದಲೇ ಶುರುಮಾಡಿ. ಮಸಾಲೆ ದೋಸೆ ಏನಿದ್ದರೂ ಸವಾರಿ ಮುಗಿದ ಮೇಲೆ. ಸರಿಯಾಗಿ ತಿಂದರೂ ಕಣ್ಣು ಕತ್ತಲೆ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಆಫೀಸಿನಲ್ಲಿ ಸ್ನಾನಕ್ಕೆ ಜಾಗವಿಲ್ಲ. ಬೆವರಿಗೆ ಏನು ಮಾಡಲಿ?
– ಓದುಗರು, ಹುಬ್ಬಳ್ಳಿ

ಉತ್ತರ: ಮನೆಯಲ್ಲಿ ಮಿಂದು ಹೊರಡಿ, ಕೊನೆಯ ಎರಡು ಕಿ.ಮೀ. ತೀರಾ ಹಗುರವಾಗಿ ತುಳಿಯಿರಿ. ತಲುಪಿದ ಕೂಡಲೇ ಬಟ್ಟೆ ಬದಲಿಸಬೇಡಿ, ಬೆವರು ನಿಲ್ಲಲು ಹತ್ತು ಹದಿನೈದು ನಿಮಿಷ ಬೇಕು. ಆಮೇಲೆ ಒದ್ದೆ ಟವೆಲಿನಿಂದ ಒರೆಸಿಕೊಂಡು ಇಸ್ತ್ರಿ ಅಂಗಿ ಹಾಕಿ. ವಾರದ ಬಟ್ಟೆಯನ್ನು ಬಸ್ಸಿನಲ್ಲಿ ಬರುವ ದಿನವೇ ತಂದು ಡ್ರಾಯರಿನಲ್ಲಿಡಿ.