ಮಕ್ಕಳ ಬಗ್ಗೆ ಒಂದೇ ಸಾಲು ಬರೆದಿದ್ದೀರಿ

ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಈಗಷ್ಟೇ ಹನ್ನೆರಡನೇ ತರಗತಿಯ ಪರೀಕ್ಷೆ ಮುಗಿಸಿದ್ದೇನೆ. ಪ್ರಾಥಮಿಕ ಶಾಲಾ ಶಿಕ್ಷಣವನ್ನೂ ಔಟ್‌ಡೋರ್ ರಿಕ್ರಿಯೇಷನ್ನನ್ನೂ (ಚಾರಣ, ಕಯಾಕಿಂಗ್‌ನಂಥ ಹೊರಾಂಗಣ ಚಟುವಟಿಕೆಗಳನ್ನು ನಡೆಸುವ ವಿದ್ಯೆ) ಒಟ್ಟಿಗೆ ಓದುವ ಜೋಡಿ ಪದವಿಗೆ ಸೇರುವ ಆಸೆ. ತೀರ್ಥಹಳ್ಳಿ ಕಡೆಯಿಂದ ಬಂದ ಅಪ್ಪ, "ಗುಡ್ಡ ಹತ್ತೋದಕ್ಕೂ ಡಿಗ್ರಿ ಬೇಕೇನು? ನಮ್ಮೂರಲ್ಲಿ ದನ ಕಾಯೋ ಹುಡುಗರು ದಿನಾ ಹತ್ತುತ್ತಿದ್ದರು" ಎನ್ನುತ್ತಾರೆ. ಓದುವುದಾದರೆ ಬರೀ ಟೀಚಿಂಗ್ ಓದು ಎಂಬುದು ಅವರ ಹಠ. ಅಮ್ಮ ಏನೂ ಮಾತಾಡುವುದಿಲ್ಲ. ನಾನೇನು ಮಾಡಲಿ?

ಉತ್ತರ: ಇಲ್ಲಿ ಸಂಕ್ಷೇಪಿಸಿ ಕೊಟ್ಟಿರುವ ನಿಮ್ಮ ಪತ್ರವನ್ನು ನಾನು ಎರಡು ಸಲ ಪೂರ್ತಿಯಾಗಿ ಓದಿದೆ. ಗ್ರಾಂಪಿಯನ್ಸ್ ಬೆಟ್ಟದ ಬಂಡೆಗಳ ಬಗ್ಗೆ, ಯಾರಾ ನದಿಯಲ್ಲಿ ಕಯಾಕ್ ದೋಣಿ ಮಗುಚಿದ ದಿನದ ಬಗ್ಗೆ, ವಿಲ್ಸನ್ಸ್ ಪ್ರಾಮಂಟರಿಯಲ್ಲಿ ಡೇರೆ ಹಾಕಿದ ರಾತ್ರಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ. ಮಕ್ಕಳ ಬಗ್ಗೆ ಇರುವುದು "ಮಕ್ಕಳೆಂದರೆ ನನಗೆ ಇಷ್ಟವೇ" ಎಂಬ ಒಂದೇ ಸಾಲು. ಹಾಗಾಗಿ ಅಪ್ಪನ ಹಠಕ್ಕಿಂತ ಮೊದಲು ನನಗೆ ಎದುರಾದ ಅನುಮಾನವೆಂದರೆ, ಮನೆಯವರು ಒಪ್ಪುವ ಕೆಲಸವೊಂದನ್ನು ಮುಂದಿಟ್ಟುಕೊಂಡು, ನಿಮಗೆ ನಿಜವಾಗಿ ಬೇಕಾದದ್ದನ್ನು ಅದರ ಮರೆಯಲ್ಲಿ ಓದಿಕೊಳ್ಳುವ ದಾರಿಯನ್ನು ನೀವು ಹುಡುಕುತ್ತಿದ್ದೀರೋ ಎಂಬುದು. ಹಾಗಿದ್ದರೆ ಅದೇನೂ ಅಪರಾಧವಲ್ಲ. ಆದರೆ ಶಿಕ್ಷಕ ತರಬೇತಿಯ ಪದವಿಯಲ್ಲಿ ಕನಿಷ್ಠ 80 ದಿನ ನಿಜವಾದ ತರಗತಿಯಲ್ಲಿ ನಿಂತು ಕಲಿಸಬೇಕು. ಅದರ ಜೊತೆಗೆ, ಓದುಬರಹ ಮತ್ತು ಲೆಕ್ಕದಲ್ಲಿ ದೇಶದ ವಯಸ್ಕರ ಪೈಕಿ ಮೇಲಿನ ಶೇ. 30ರೊಳಗೆ ನಿಲ್ಲುವಷ್ಟು ಸಾಮರ್ಥ್ಯವಿದೆಯೆಂದು ತೋರಿಸುವ ಲ್ಯಾಂಟೈಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಬರೀ ಅನುಮತಿ ಚೀಟಿಯೆಂದು ಭಾವಿಸಿ ಹೊತ್ತುಕೊಂಡು ಹೋಗುವುದಕ್ಕೆ ಈ ಹೊರೆ ತುಸು ಭಾರವೇ.

ಇನ್ನು ನಿಮ್ಮ ತಂದೆಯ ಮಾತು. ದನ ಕಾಯುವ ಹುಡುಗರು ಗುಡ್ಡ ಹತ್ತುತ್ತಿದ್ದರು ಎಂಬುದು ನಿಜ, ಆದರೆ ಅವರು ಹತ್ತುವುದಕ್ಕಿಂತ ಮುಖ್ಯವಾದ ಇನ್ನೊಂದನ್ನೂ ತಿಳಿದಿದ್ದರು. ತಾವು ನಿಂತಲ್ಲಿ ಬಿಸಿಲಿದ್ದರೂ ಮೇಲೆ ಘಟ್ಟದಲ್ಲಿ ಮೋಡ ಕವಿದಿದ್ದರೆ ಹಳ್ಳ ದಾಟಬಾರದು, ದನಗಳನ್ನು ಈಚೆ ದಡದಲ್ಲೇ ನಿಲ್ಲಿಸಿಕೊಳ್ಳಬೇಕು ಎಂಬುದು ಮಲೆನಾಡಿನಲ್ಲಿ ಬೆಳೆದ ಯಾರಿಗೂ ಹೇಳಿಕೊಡಬೇಕಾದದ್ದಲ್ಲ. ಔಟ್‌ಡೋರ್ ರಿಕ್ರಿಯೇಷನ್ ಪದವಿಯ ತಿರುಳು ಬಹುಪಾಲು ಇದೇ: ಹವಾಮಾನ ಓದುವುದು, ನೀರಿನ ಮಟ್ಟ ಅಳೆಯುವುದು, ಎಷ್ಟು ಮಂದಿಗೆ ಎಷ್ಟು ಮಾರ್ಗದರ್ಶಕರಿರಬೇಕು ಎಂದು ಲೆಕ್ಕ ಹಾಕುವುದು, ಎಲ್ಲಕ್ಕಿಂತ ಹೆಚ್ಚಾಗಿ, ಎಲ್ಲರೂ ಬೂಟು ಕಟ್ಟಿ ಸಿದ್ಧರಾದ ಮೇಲೂ ಇವತ್ತು ಹೋಗುವುದು ಬೇಡ ಎನ್ನುವ ಗಟ್ಟಿತನ. 2008ರ ಏಪ್ರಿಲ್ 15ರಂದು ನ್ಯೂಜಿಲೆಂಡಿನ ಟೊಂಗರಿರೊ ಪ್ರದೇಶದ ಮಂಗಟೆಪೊಪೊ ಕಮರಿಯಲ್ಲಿ ಭಾರೀ ಮಳೆಗೆ ಹೊಳೆ ಏಕಾಏಕಿ ಏರಿದಾಗ, ಶಾಲೆಯೊಂದರ ಆರು ವಿದ್ಯಾರ್ಥಿಗಳೂ ಅವರ ಜೊತೆಗಿದ್ದ ಒಬ್ಬ ಶಿಕ್ಷಕರೂ ತೀರಿಕೊಂಡರು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ; ಬೇರೆಯವರ ಮಕ್ಕಳನ್ನು ಹೊಳೆಗೆ ಇಳಿಸುವವರು ಈ ವಿದ್ಯೆಯನ್ನು ಏಕೆ ವರ್ಷಗಟ್ಟಲೆ ಓದಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ. ನಿಮ್ಮ ತಂದೆಯೊಡನೆ ವಾದಕ್ಕೆ ಕೂರಬೇಡಿ. ಹಳ್ಳ ಏರುತ್ತದೆಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು ಅಪ್ಪ ಎಂದು ಒಂದು ಸಂಜೆ ಕೇಳಿ.

ಅವರ ಆತಂಕದಲ್ಲಿ ಸತ್ಯಾಂಶವೂ ಇದೆ. ಈ ಕ್ಷೇತ್ರದ ಕೆಲಸ ಹೆಚ್ಚಾಗಿ ಋತುವನ್ನು ನಂಬಿಕೊಂಡದ್ದು, ದಿನಗೂಲಿಯ ಲೆಕ್ಕದ್ದು. ಬಂಡೆಯ ಮೇಲೆ ನಿಂತ ಫೋಟೋದಲ್ಲಿ ಕಾಣದಿರುವುದು ಒದ್ದೆ ಡೇರೆಗಳನ್ನು ಒಣಗಿಸುವ, ಹಗ್ಗಗಳನ್ನು ಒಂದೊಂದಾಗಿ ಪರೀಕ್ಷಿಸಿ ದಾಖಲೆ ಬರೆಯುವ ಸಂಜೆಗಳು. ನೋಂದಾಯಿತ ಶಿಕ್ಷಕಿಗೆ ವರ್ಷವಿಡೀ ಸಂಬಳವಿದೆ. ಎರಡೂ ಕೂಡುವ ಕಡೆ ಇಲ್ಲವೆಂದಲ್ಲ: ಮಾರ್ನಿಂಗ್ಟನ್ ಪರ್ಯಾಯ ದ್ವೀಪದ ಸಾಮರ್ಸ್‌ನಲ್ಲಿ 1959ರಿಂದ ನಡೆಯುತ್ತಿರುವ ಸರ್ಕಾರಿ ಶಾಲಾ ಶಿಬಿರಕ್ಕೆ ಬರುವವರು ಐದು, ಆರನೇ ತರಗತಿಯ ಮಕ್ಕಳು, ಅವರಿಗೆ ಅಲ್ಲಿ ಕಲಿಸುವವರು ಶಿಕ್ಷಕರೇ. ಆದರೆ ಅಂಥ ಹುದ್ದೆಗಳು ಕಡಿಮೆ, ನಿಮ್ಮ ಹೆಚ್ಚಿನ ವರ್ಷಗಳು ತರಗತಿಯ ನಾಲ್ಕು ಗೋಡೆಗಳ ನಡುವೆಯೇ ಕಳೆಯುತ್ತವೆ ಎಂದು ತಿಳಿದೇ ಸೇರಬೇಕು.

ಹಣದ ವಿಷಯವನ್ನು ನೀವು ಬರೆದಿಲ್ಲ. ನಿಮಗೆ ಪೌರತ್ವವಿದ್ದರೆ, ಶುಲ್ಕಕ್ಕೆಂದು ಸರ್ಕಾರ ಕೊಡುವ ಹೆಕ್ಸ್ ಸಾಲ ಸಿಗುತ್ತದೆ. ಕಾಯಂ ವಾಸದ ವೀಸಾ ಮಾತ್ರ ಇದ್ದರೆ ಸರ್ಕಾರಿ ನೆರವಿನ ಸೀಟು ಸಿಕ್ಕರೂ ಸಾಮಾನ್ಯವಾಗಿ ಶುಲ್ಕವನ್ನು ಮುಂಗಡವಾಗಿ ಕಟ್ಟಬೇಕಾಗುತ್ತದೆ. ಶಿಕ್ಷಣದ ಪಾಠಗಳು 2021ರಿಂದ ಅತಿ ಕಡಿಮೆ ಶುಲ್ಕದ ಗುಂಪಿನಲ್ಲಿವೆ, ಆದರೆ ಜೋಡಿ ಪದವಿಯಲ್ಲಿ ಪ್ರತಿ ವಿಷಯದ ಶುಲ್ಕವೂ ಬೇರೆ ಬೇರೆಯಾದ್ದರಿಂದ ಒಟ್ಟು ಮೊತ್ತವನ್ನು ವಿಶ್ವವಿದ್ಯಾಲಯದಿಂದಲೇ ಬರೆಸಿಕೊಂಡು ತಂದೆಯ ಮುಂದಿಡಿ. ಅಂಕದ ಚಿಂತೆಯನ್ನು ಮೊದಲೇ ಮಾಡುವುದು ಬೇಡವೆಂದರೂ, ವಿಕ್ಟೋರಿಯಾದಲ್ಲಿ ಹನ್ನೆರಡನೇ ತರಗತಿ ಮುಗಿಸಿ ನೇರವಾಗಿ ಶಿಕ್ಷಕ ಪದವಿಗೆ ಸೇರಲು 2019ರಿಂದ ಎಟಾರ್ (ವಿಶ್ವವಿದ್ಯಾಲಯದ ಪ್ರವೇಶಕ್ಕೆ ನೋಡುವ ಶ್ರೇಯಾಂಕ) ಕನಿಷ್ಠ 70 ಇರಬೇಕು ಎಂಬುದು ನೆನಪಿರಲಿ.

ಫಲಿತಾಂಶ ಬಂದ ಮೇಲೂ, ಪದವಿ ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ವಿಟ್ಯಾಕ್ ಸಂಸ್ಥೆಯಲ್ಲಿ ನಿಮ್ಮ ಆದ್ಯತೆಯ ಪಟ್ಟಿ ಬದಲಿಸಲು ಕೆಲವು ದಿನ ಅವಕಾಶವಿರುತ್ತದೆ. ಅಲ್ಲಿಯವರೆಗಿನ ವಾರಗಳಲ್ಲಿ, ಮಕ್ಕಳೊಡನೆ ಕೆಲಸ ಮಾಡುವವರ ಹಿನ್ನೆಲೆ ಪರಿಶೀಲಿಸುವ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ ಮಾಡಿಸಿಕೊಂಡು, ನಿಮ್ಮ ಬಡಾವಣೆಯ ಶಾಲೆಯಲ್ಲಿ ತರಗತಿ ಬಿಟ್ಟ ನಂತರ ಮಕ್ಕಳನ್ನು ನೋಡಿಕೊಳ್ಳುವ ಆಫ್ಟರ್ ಸ್ಕೂಲ್ ಕೇರ್‌ನಲ್ಲಿ ಸಹಾಯಕಿಯಾಗಲು ಕೇಳಿನೋಡಿ. ಬಿಸಿಲಿನ ದಿನವಲ್ಲ, ಮಳೆ ಹಿಡಿದು ಎಲ್ಲರೂ ಒಂದೇ ಹಾಲ್‌ನಲ್ಲಿ ಸಿಕ್ಕಿಬಿದ್ದಿರುವಾಗ, ಒಬ್ಬ ಅಳುತ್ತಾ ಇನ್ನೊಬ್ಬ ಶೂ ಲೇಸ್ ಕಟ್ಟಿಕೊಡಿ ಎಂದು ಕಾಲು ಚಾಚಿರುವಾಗ, ಗಡಿಯಾರದ ಕಡೆ ನೋಡಬೇಕೆನಿಸಿತೇ ಎಂದು ನಿಮ್ಮನ್ನು ನೀವೇ ಗಮನಿಸಿಕೊಳ್ಳಿ. ಅನಿಸದಿದ್ದರೆ ಜೋಡಿ ಪದವಿಯನ್ನು ಮೊದಲು ಬರೆಯಿರಿ, ಪ್ರಾಥಮಿಕ ಶಿಕ್ಷಣವೊಂದನ್ನೇ ಎರಡನೆಯದಾಗಿಡಿ. ಪ್ರತಿದಿನವೂ ಅನಿಸಿದರೆ, ಔಟ್‌ಡೋರ್ ರಿಕ್ರಿಯೇಷನ್ ಒಂದನ್ನೇ ಮೊದಲು ಬರೆದು, ಟೀಚರ್ ಆಗುವ ಮನಸ್ಸು ನನಗಿಲ್ಲ ಎಂದು ತಂದೆಗೆ ನೇರವಾಗಿ ಹೇಳಬೇಕಾಗುತ್ತದೆ.

ಹಾಗೆ ಹೇಳುವ ದಿನ ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಮಾತಾಡುವುದಿಲ್ಲ ಎಂದು ಬರೆದಿದ್ದೀರಿ, ಅವರನ್ನು ಕೇಳಿದ್ದೀರೆಂದು ಪತ್ರದಲ್ಲಿ ಎಲ್ಲಿಯೂ ಇಲ್ಲ.