ಕಾಲು ಉಳುಕಿದಾಗ: ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನಾನು 42 ವರ್ಷದ ಗೃಹಿಣಿ. ನಾಲ್ಕು ದಿನಗಳ ಹಿಂದೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ, ಬಲಪಾದ ಒಳಕ್ಕೆ ಮಡಚಿಕೊಂಡಿತು. ಆಗ ‘ಟಕ್’ ಎಂಬ ಸದ್ದೂ ಕೇಳಿಸಿತು. ಸಂಜೆಯೊಳಗೆ ಪಾದದ ಹೊರಬದಿ ಊದಿಕೊಂಡಿತು. ಈಗ ಹಿಮ್ಮಡಿಯ ಪಕ್ಕ ಮತ್ತು ಬೆರಳುಗಳ ಬುಡ ನೀಲಿಗಟ್ಟಿವೆ. ಕುಂಟುತ್ತಾ ಮನೆಯೊಳಗೆ ಓಡಾಡುತ್ತಿದ್ದೇನೆ. ಊರಿನಲ್ಲಿ ಉಳುಕು ತೆಗೆಯುವವರ ಹತ್ತಿರ ಎಣ್ಣೆ ಹಚ್ಚಿ ನೀವಿಸಿಕೊಂಡರೆ ಎರಡು ದಿನದಲ್ಲಿ ಸರಿಹೋಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಎಕ್ಸ್‌ರೇ ತೆಗೆಸಲೇಬೇಕೇ?
– ಓದುಗರು, ಶಿರಸಿ

ಉತ್ತರ: ಮೊದಲಿಗೆ, ನಿಮ್ಮನ್ನು ಹೆಚ್ಚು ಹೆದರಿಸಿರುವ ಎರಡು ಲಕ್ಷಣಗಳ ಬಗ್ಗೆ ಹೇಳುತ್ತೇನೆ. ‘ಟಕ್’ ಎಂಬ ಸದ್ದು ಮೂಳೆ ಮುರಿದಾಗ ಮಾತ್ರವಲ್ಲ, ಎರಡು ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಹರಿದಾಗಲೂ ಕೇಳಿಸುತ್ತದೆ. ಒಳಗೆ ಒಸರಿದ ರಕ್ತ ತಗ್ಗಿನ ಕಡೆಗೆ ಇಳಿಯುವುದರಿಂದ, ಪೆಟ್ಟು ಬೀಳದ ಬೆರಳುಗಳ ಬುಡದಲ್ಲೂ ಎರಡನೆಯ ಮೂರನೆಯ ದಿನ ನೀಲಿ ಬಣ್ಣ ಕಾಣಿಸಿಕೊಳ್ಳುತ್ತದೆ. ಊತದ ಗಾತ್ರವನ್ನಾಗಲೀ ಚರ್ಮದ ಬಣ್ಣವನ್ನಾಗಲೀ ನೋಡಿ ಮೂಳೆ ಮುರಿದಿದೆಯೋ ಇಲ್ಲವೋ ಎಂದು ಹೇಳಲಾಗುವುದಿಲ್ಲ. ಸಾಧಾರಣ ಉಳುಕು ದಪ್ಪಗೆ ಊದಿಕೊಂಡಿರಬಹುದು, ಸಣ್ಣ ಬಿರುಕು ಬಿಟ್ಟ ಮೂಳೆಯ ಮೇಲೆ ಊತ ಅಷ್ಟಾಗಿ ಕಾಣದೆಯೂ ಇರಬಹುದು.

ಹಾಗಾದರೆ ತಿಳಿಯುವುದು ಹೇಗೆ? ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಪ್ರಕಟಿಸಿದ ಸರಳ ನಿಯಮಗಳನ್ನು ಇಂದಿಗೂ ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಅವುಗಳನ್ನು ವೈದ್ಯರಿಗಾಗಿ ರೂಪಿಸಲಾಗಿದೆಯಾದರೂ, ಆಸ್ಪತ್ರೆಗೆ ಹೊರಡುವ ತುರ್ತು ಎಷ್ಟು ಎಂಬುದನ್ನು ಮನೆಯವರೂ ಅವುಗಳಿಂದ ಅಂದಾಜು ಮಾಡಬಹುದು. ಪಾದದ ಕೀಲಿನ ಎರಡೂ ಬದಿಗಳಲ್ಲಿ ಗುಬುಟಿನಂತೆ ಉಬ್ಬಿಕೊಂಡಿರುವ ಮೂಳೆಗಳಿವೆಯಲ್ಲವೇ? ಹೊರಬದಿಯ ಮೂಳೆಯ ತುದಿಯಿಂದ ಆರಂಭಿಸಿ, ಅದರ ಹಿಂಭಾಗದ ಅಂಚಿನಗುಂಟ ಸುಮಾರು 6 ಸೆಂಟಿಮೀಟರ್ ಮೇಲಿನವರೆಗೆ ಬೆರಳ ತುದಿಯಿಂದ ನಿಧಾನವಾಗಿ ಒತ್ತುತ್ತಾ ಹೋಗಿ. ಒಳಬದಿಯಲ್ಲೂ ಹೀಗೆಯೇ ಮಾಡಿ. ಬಳಿಕ ಕಿರುಬೆರಳಿನ ಬುಡದಿಂದ ಪಾದದ ಹೊರ ಅಂಚಿನಲ್ಲೇ ಬೆರಳನ್ನು ಹಿಂದಕ್ಕೆ ಸರಿಸಿದರೆ, ಹಿಮ್ಮಡಿಗೂ ಬೆರಳಿಗೂ ನಡುವೆ ಮೂಳೆಯ ಒಂದು ಉಬ್ಬು ಕೈಗೆ ಸಿಗುತ್ತದೆ. ಕಾಲು ಒಳಮಡಚಿ ಬಿದ್ದವರಲ್ಲಿ ಇದು ಮುರಿದಿರುವ ಸಾಧ್ಯತೆಯಿದ್ದು, ಬರಿಯ ಉಳುಕೆಂದು ಬಿಟ್ಟುಬಿಡುವ ಪೆಟ್ಟುಗಳಲ್ಲಿ ಇದೂ ಒಂದು. ಪಾದದ ಒಳಬದಿಯಲ್ಲಿ ಕೀಲಿನ ತುಸು ಮುಂದಿರುವ ಮೂಳೆಯನ್ನೂ ಮುಟ್ಟಿ ನೋಡಿ. ಈ ಜಾಗಗಳಲ್ಲಿ ಎಲ್ಲಿಯಾದರೂ ಮೂಳೆಯ ಮೇಲೆಯೇ ನೋವಿದ್ದರೆ, ಅಥವಾ ಬಿದ್ದ ಕೂಡಲೂ ಈಗಲೂ ಕುಂಟುತ್ತಾ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಎಕ್ಸ್‌ರೇ ತೆಗೆಸಲೇಬೇಕು. ನೋವು ಹೊರಬದಿಯ ಗುಬುಟಿನ ಮುಂದೆ, ಅದರ ಕೆಳಗಿನ ಮೆದು ಭಾಗದಲ್ಲಿ ಮಾತ್ರ ಇದ್ದರೆ, ಹೆಚ್ಚಾಗಿ ಅದು ಲಿಗಮೆಂಟಿನ ಉಳುಕು.

ನೀವು ಮನೆಯೊಳಗೆ ಓಡಾಡುತ್ತಿರುವುದು ಒಳ್ಳೆಯ ಸೂಚನೆ. ಆದರೆ ಮೂಳೆಯನ್ನು ಒತ್ತಿ ನೋಡುವ ಭಾಗ ಬಾಕಿಯಿದೆ. ಅಂಗಾಲಿನ ನಡುವೆ ನೀಲಿಗಟ್ಟಿದ್ದರೆ, ಪಾದ ಸೊಟ್ಟಗೆ ಕಂಡರೆ, ಬೆರಳುಗಳು ತಣ್ಣಗಾಗಿದ್ದರೆ ಅಥವಾ ಜೋಮು ಹಿಡಿದಿದ್ದರೆ ಯಾವ ಪರೀಕ್ಷೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇನ್ನು ನೀವಿಸುವ ವಿಚಾರ. ಅತ್ತೆಯವರ ಅನುಭವ ಸುಳ್ಳಲ್ಲ. ಸಣ್ಣ ಉಳುಕು ಒಂದೆರಡು ವಾರಗಳಲ್ಲಿ ತಾನಾಗಿಯೇ ವಾಸಿಯಾಗುವುದರಿಂದ, ನೀವಿಸಿಕೊಂಡವರಿಗೆ ಅದರಿಂದಲೇ ಗುಣವಾಯಿತು ಎಂದು ಅನ್ನಿಸುವುದು ಸಹಜ. ಆದರೆ ಉಳುಕಿದಾಗ ಯಾವ ನರವೂ ಜಾಗ ತಪ್ಪಿರುವುದಿಲ್ಲ, ಎಳೆದು ಕೂರಿಸಬೇಕಾದದ್ದು ಅಲ್ಲಿ ಏನೂ ಇಲ್ಲ. ಹರಿದ ಎಳೆಗಳು ಕೂಡಿಕೊಳ್ಳಲು ತೊಡಗಿರುವ ಮೊದಲ ದಿನಗಳಲ್ಲಿ ಬಲವಾಗಿ ನೀವಿದರೆ ರಕ್ತಸ್ರಾವವೂ ಊತವೂ ಹೆಚ್ಚುತ್ತವೆ. ಗೊತ್ತಾಗದ ಮುರಿತವಿದ್ದರಂತೂ ಮೂಳೆಯ ತುಂಡುಗಳು ಸರಿದು, ಬರಿಯ ಪ್ಲಾಸ್ಟರಿನಲ್ಲಿ ಮುಗಿಯಬೇಕಾದದ್ದು ಶಸ್ತ್ರಚಿಕಿತ್ಸೆಯವರೆಗೆ ಹೋಗಬಹುದು. ಅತ್ತೆಯವರಿಗೆ ಇದನ್ನು ಗೌರವದಿಂದಲೇ ತಿಳಿಸಿ, ಆದರೆ ಕಾಲನ್ನು ಮಾತ್ರ ಎಳೆಸಿಕೊಳ್ಳಬೇಡಿ. ಸುಣ್ಣ ಮತ್ತು ಅರಿಶಿನದ ಪಟ್ಟು ಚರ್ಮವನ್ನು ಸುಡಬಲ್ಲದು; ಮೊದಲ ಎರಡು ಮೂರು ದಿನ ಬಿಸಿ ಶಾಖವನ್ನೂ ಕೊಡಬಾರದು.

ಮೂಳೆಗೆ ಪೆಟ್ಟಾಗಿಲ್ಲವೆಂದು ಖಚಿತವಾದ ಮೇಲೆ ಮನೆಯಲ್ಲೇ ಆರೈಕೆ ಸಾಧ್ಯ. ಮಲಗಿದಾಗ ಪಾದವು ಎದೆಯ ಮಟ್ಟಕ್ಕಿಂತ ಮೇಲಿರುವಂತೆ ಎರಡು ದಿಂಬು ಇಡಿ. ಕ್ರೇಪ್ ಬ್ಯಾಂಡೇಜನ್ನು ಬೆರಳುಗಳ ಬುಡದಿಂದ ಸುತ್ತುತ್ತಾ ಕೀಲಿನ ಮೇಲಿನವರೆಗೆ ತನ್ನಿ. ಬೆರಳು ಕಪ್ಪಿಟ್ಟರೆ ಅಥವಾ ಜುಮುಗುಟ್ಟಿದರೆ ಕಟ್ಟು ಬಿಗಿಯಾಗಿದೆ ಎಂದು ತಿಳಿದು ಬಿಚ್ಚಿ ಸಡಿಲವಾಗಿ ಕಟ್ಟಿ, ರಾತ್ರಿ ಮಲಗುವಾಗ ತೆಗೆದುಬಿಡಿ. ನೋವು ಹೆಚ್ಚಿದ್ದಾಗ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು. ಅದರಿಂದ ನೋವು ತಗ್ಗುತ್ತದೆಯೇ ಹೊರತು ಲಿಗಮೆಂಟ್ ಬೇಗ ಕೂಡಿಕೊಳ್ಳುವುದಿಲ್ಲ. ಪ್ಯಾರಾಸಿಟಮಾಲ್ ಸಾಕಾಗುತ್ತದೆ, ಮೂತ್ರಪಿಂಡದ ತೊಂದರೆ ಅಥವಾ ಹೊಟ್ಟೆಯ ಹುಣ್ಣು ಇರುವವರು ಇತರ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ನುಂಗಬಾರದು. ತಿಂಗಳುಗಟ್ಟಲೆ ಕಾಲನ್ನು ಅಲ್ಲಾಡಿಸದೆ ಇಡುವುದೂ ಸರಿಯಲ್ಲ. ಎರಡು ಮೂರು ದಿನಗಳ ಬಳಿಕ, ಕುಳಿತಲ್ಲಿಯೇ ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಎಂದು ಅಕ್ಷರಮಾಲೆಯನ್ನು ಬರೆಯಿರಿ. ನಮ್ಮ ದುಂಡಗಿನ ಅಕ್ಷರಗಳು ಕೀಲನ್ನು ಎಲ್ಲ ದಿಕ್ಕಿಗೂ ತಿರುಗಿಸುತ್ತವೆ. ನೋವು ಸಹಿಸುವಷ್ಟರ ಮಟ್ಟಿಗೆ ದಿನದಿಂದ ದಿನಕ್ಕೆ ನಡಿಗೆ ಹೆಚ್ಚಿಸಿ. ಒಂದು ವಾರ ಕಳೆದರೂ ಕಾಲೂರುವುದು ಸುಲಭವಾಗದಿದ್ದರೆ ಮೂಳೆ ತಜ್ಞರನ್ನು ಕಾಣಿ.

ಪ್ರಶ್ನೆ: 15 ವರ್ಷದ ನನ್ನ ಮಗಳು ಶಾಲೆಯ ಖೋ-ಖೋ ತಂಡದಲ್ಲಿದ್ದಾಳೆ. ಕಳೆದ ವರ್ಷ ಎಡಗಾಲು ಉಳುಕಿ ವಾಸಿಯಾಗಿತ್ತು. ಅಂದಿನಿಂದ ಕಂಬದ ಬಳಿ ಥಟ್ಟನೆ ತಿರುಗುವಾಗ ಅದೇ ಕಾಲು ಮತ್ತೆ ಮತ್ತೆ ಮಡಚಿಕೊಳ್ಳುತ್ತಿದೆ. ಆಟ ಬಿಡಿಸಬೇಕೇ?
– ಓದುಗರು, ತುಮಕೂರು

ಉತ್ತರ: ಬಿಡಿಸಬೇಕಾಗಿಲ್ಲ. ಆದರೆ ಅವಳ ಕಾಲು ‘ವಾಸಿಯಾಗಿತ್ತು’ ಎಂಬುದು ಅರ್ಧ ಸತ್ಯ ಎಂದು ನನಗೆ ಅನ್ನಿಸುತ್ತದೆ. ಪಾದ ಯಾವ ಕೋನದಲ್ಲಿದೆ ಎಂಬ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ನರತಂತುಗಳು ಲಿಗಮೆಂಟಿನೊಳಗೂ ಇವೆ. ಉಳುಕಿದಾಗ ಅವುಗಳಿಗೂ ಪೆಟ್ಟಾಗುವುದರಿಂದ, ನೋವು ಮತ್ತು ಊತ ಪೂರ್ತಿ ಇಳಿದ ಮೇಲೂ ಪಾದ ಮಡಚಿಕೊಳ್ಳುವ ಕ್ಷಣದಲ್ಲಿ ಸ್ನಾಯುಗಳು ತಡವಾಗಿ ಎಚ್ಚೆತ್ತುಕೊಳ್ಳುತ್ತವೆ. ನೋವು ಹೋದ ದಿನವೇ ಮೈದಾನಕ್ಕಿಳಿಯುವ ಮಕ್ಕಳಲ್ಲಿ ಉಳುಕು ಮರುಕಳಿಸಲು ಇದು ಮುಖ್ಯ ಕಾರಣ.

ಮಗಳನ್ನು ಗೋಡೆಯ ಪಕ್ಕದಲ್ಲಿ ಎಡಗಾಲಿನ ಮೇಲೆ 30 ಸೆಕೆಂಡ್ ನಿಲ್ಲಿಸಿ, ಬಳಿಕ ಬಲಗಾಲಿನ ಮೇಲೆ ನಿಲ್ಲಿಸಿ ನೋಡಿ; ಎಡಪಾದ ಎಷ್ಟು ತೂಗಾಡುತ್ತದೆ ಎಂಬುದು ನಿಮ್ಮ ಕಣ್ಣಿಗೇ ಕಾಣುತ್ತದೆ. ಇದೇ ಅವಳ ವ್ಯಾಯಾಮವೂ ಹೌದು. ಪ್ರತಿದಿನ ಮಾಡಿಸಿ, ಸ್ಥಿರವಾದ ಮೇಲೆ ಕಣ್ಣು ಮುಚ್ಚಿ, ಆಮೇಲೆ ಮಡಚಿದ ಕಂಬಳಿಯ ಮೇಲೆ ನಿಲ್ಲಿಸಿ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನೂ ಸೇರಿಸಿ. ಒಂದೇ ಕಾಲಿನಲ್ಲಿ ನೋವಿಲ್ಲದೆ ಕುಪ್ಪಳಿಸುವುದು, ನೇರ ಓಟ, ಕೊನೆಗೆ ಎಂಟರ ಆಕಾರದಲ್ಲಿ ತಿರುಗುತ್ತಾ ಓಡುವುದು, ಇಷ್ಟು ಕ್ರಮವಾಗಿ ಸಾಧ್ಯವಾದ ಬಳಿಕವೇ ಪಂದ್ಯಕ್ಕೆ ಕಳುಹಿಸಿ, ಆಡುವಾಗ ಪಾದದ ಕೀಲಿಗೆ ಬ್ರೇಸ್ ಹಾಕಿಸಿ. ದೈಹಿಕ ಶಿಕ್ಷಕರೊಂದಿಗೆ ನೀವೇ ಮಾತನಾಡುವುದು ಒಳ್ಳೆಯದು, ತಂಡದಿಂದ ಕೈಬಿಡುತ್ತಾರೆಂಬ ಭಯಕ್ಕೆ ಮಕ್ಕಳು ನೋವನ್ನು ಮುಚ್ಚಿಡುತ್ತಾರೆ. ಎರಡು ಮೂರು ತಿಂಗಳು ಇಷ್ಟೆಲ್ಲ ಮಾಡಿದರೂ ಕಾಲು ಮಡಚಿಕೊಳ್ಳುತ್ತಿದ್ದರೆ ತಜ್ಞರು ಎಂಆರ್‌ಐ ಬೇಕೇ ಎಂದು ನಿರ್ಧರಿಸುತ್ತಾರೆ.

ಪ್ರಶ್ನೆ: ನನಗೆ 61 ವರ್ಷ, ಸಕ್ಕರೆ ಕಾಯಿಲೆ ಬಹಳ ಕಾಲದಿಂದ ಇದೆ. ಎರಡು ವಾರಗಳಿಂದ ಎಡಪಾದ ಕೆಂಪಾಗಿ ಊದಿಕೊಂಡಿದೆ. ನೋವು ಹೆಚ್ಚಿಲ್ಲ. ಎಲ್ಲೋ ಉಳುಕಿರಬೇಕೆಂದು ಮುಲಾಮು ಹಚ್ಚಿ, ಎಂದಿನಂತೆ ವಾಕಿಂಗ್ ಹೋಗುತ್ತಿದ್ದೇನೆ.
– ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ವಾಕಿಂಗ್ ಇಂದೇ ನಿಲ್ಲಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿದವರಲ್ಲಿ ನೋವಿಲ್ಲದಿರುವುದು ಸಮಾಧಾನದ ವಿಷಯವಲ್ಲ. ಎರಡೂ ಪಾದಗಳನ್ನು ಹಿಂಗೈಯಿಂದ ಮುಟ್ಟಿ ನೋಡಿ. ಊದಿದ ಪಾದ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಶಾರ್ಕೋ ಪಾದ ಎಂಬ ಸ್ಥಿತಿಯನ್ನೂ ಸೋಂಕನ್ನೂ ಶಂಕಿಸಬೇಕಾಗುತ್ತದೆ. ಶಾರ್ಕೋ ಪಾದದಲ್ಲಿ ಮೂಳೆಗಳು ಮೆತ್ತಗಾಗಿ, ನಡೆಯುತ್ತಾ ಹೋದಂತೆ ಒಂದೊಂದಾಗಿ ಕುಸಿಯುತ್ತವೆ. ಆರಂಭದ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಆದ್ದರಿಂದ ‘ಎಕ್ಸ್‌ರೇ ಸರಿಯಿದೆ’ ಎಂಬ ಮಾತಿನಿಂದ ಸುಮ್ಮನಾಗದೆ ಸಕ್ಕರೆ ಕಾಯಿಲೆಯ ವಿಷಯವನ್ನು ವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ಬಿಸಿನೀರಿನಲ್ಲಿ ಪಾದ ಅದ್ದುವುದು, ಮಂಜುಗಡ್ಡೆ ಇಡುವುದು ಎರಡೂ ಬೇಡ. ಸ್ಪರ್ಶ ಕುಂದಿದ ಚರ್ಮ ಗೊತ್ತಾಗದಂತೆ ಸುಟ್ಟುಹೋಗುತ್ತದೆ. ಈ ಸಂಚಿಕೆ ಕೈಸೇರಿದ ದಿನವೇ ಮೂಳೆ ತಜ್ಞರ ಬಳಿಗೆ ಅಥವಾ ಮಧುಮೇಹಿಗಳ ಪಾದ ಚಿಕಿತ್ಸೆ ಇರುವ ಆಸ್ಪತ್ರೆಗೆ, ಆ ಕಾಲಿನ ಮೇಲೆ ಭಾರ ಹಾಕದಂತೆ ವಾಹನದಲ್ಲಿ ಹೋಗಿ.